ಮೇಸ್ತ್ರಿ ವಾಸವಿಲ್ಲದ ಮನೆ

ನಮ್ಮ ಕೆಳಗಿನ ಮನೆಯ ಮೇಸ್ತ್ರಿಯ ಹತ್ತಿರ ನಾಲ್ಕು ಜನ ಆರಾಮಾಗಿ ಕೂರುವಂಥ ಸೋಫಾ ಇತ್ತು. ಆದರೂ ಅವನ ಮನೆಗೆ ಹೋದವರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೇ ಟೀ ಕುಡಿಯಬೇಕಿತ್ತು. ಅಂಗಡಿಯವರು ಸುತ್ತಿ ಕಳಿಸಿದ್ದ ಪ್ಲಾಸ್ಟಿಕ್ಕು ಸೋಫಾದ ಮೇಲೆ ಹಾಗೇ ಇತ್ತು. ಯಾರಾದರೂ ಮರೆತು ಅದರ ಕಡೆ ಎರಡು ಹೆಜ್ಜೆ ಇಟ್ಟರೆ ಸಾಕು, "ಅಲ್ಲಿ ಬೇಡ, ಇಲ್ಲಿ ಬನ್ನಿ, ಇಲ್ಲಿ ತಂಪಾಗಿದೆ" ಎಂದು ಓಡಿ ಬಂದು ಅಡ್ಡ ನಿಲ್ಲುತ್ತಿದ್ದ. ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ತಂಪಂತೆ! ನಮ್ಮ ಭಾಷೆಯ ಜನ ಅವನಿಗೆ ಮ್ಯೂಸಿಯಂ ಮೇಸ್ತ್ರಿ ಅಂತಲೇ ಹೆಸರಿಟ್ಟಿದ್ದರು. ನಾನೂ ಹಾಗೇ ಕರೆದು ನಕ್ಕವಳೇ.

ಅವನ ಕಥೆಯನ್ನು ಬೇರೆ ಯಾರಾದರೂ ಹೇಳಿದರೆ ಅದಕ್ಕೆ ಉಪ್ಪು ಖಾರ ಹಚ್ಚುತ್ತಾರೆ. ನಾನು ಹಚ್ಚುವುದಿಲ್ಲ. ಹಚ್ಚಬೇಕಾದ ಅಗತ್ಯವೂ ಇಲ್ಲ. ಕೇಳಿದ ಮೇಲೆ ನನ್ನನ್ನು ಬೈಯುವವರು ಬೈಯಲಿ, ಆದರೆ ನನ್ನ ಜಾಗದಲ್ಲಿ ಒಂದು ಸಲ ನಿಂತು ನೋಡಿ ಬೈಯಲಿ.

ಅವನು ಟೈಲ್ಸ್ ಹಾಕುವ ಮೇಸ್ತ್ರಿ. ಈ ದೇಶಕ್ಕೆ ಬಂದಾಗ ಮಗಳಿಗೆ ಏಳು ವರ್ಷ. ಬಂದವನು ಎಂಟು ವರ್ಷ ಆರು ಗಂಡಸರ ಜೊತೆ ಒಂದೇ ಕೋಣೆಯಲ್ಲಿ ಕಳೆದ. ಹಗಲೆಲ್ಲ ಮಂಡಿಯೂರಿ ಕಂಡವರ ಬಚ್ಚಲಿಗೆ, ಕಂಡವರ ಅಡುಗೆಮನೆಗೆ ಟೈಲ್ಸ್ ಕೂರಿಸುವುದು, ಸಂಜೆ ಬಂದು ಅದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದು. ಮಂಡಿ ಎರಡೂ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಹೆಂಡತಿ ಮಗಳನ್ನು ಕರೆಸಿಕೊಳ್ಳಬೇಕಾದರೆ ಇಲ್ಲಿಯ ಕಾನೂನು ಎರಡು ಮಾತು ಹೇಳುತ್ತದೆ. ಕರೆಸುವವನ ಹೆಸರಿನಲ್ಲಿ ಒಂದು ಮನೆ ಇರಬೇಕು, ಅದರಲ್ಲಿ ಅವನು ವಾಸವಾಗಿರಬೇಕು. ಮಗುವಿಗೆ ಹದಿನೆಂಟು ತುಂಬುವುದರೊಳಗೆ ಕಾಗದ ಪಾಸಾಗಬೇಕು. ತುಂಬಿದ ಮಾರನೇ ದಿನದಿಂದ ಆ ಮಗು ಅಪ್ಪನ ಮಗುವಲ್ಲ, ಬೇರೆ ಯಾರೋ. ಮಗಳಿಗೆ ಹದಿನೈದು ದಾಟಿದ ಮೇಲೆ ಮೇಸ್ತ್ರಿಗೆ ನಮ್ಮ ಕಟ್ಟಡದಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು.

ನನಗಿಂತ ಆರು ವರ್ಷ ಚಿಕ್ಕವನು. ಸಾಮಾನು ಸಾಗಿಸುವ ದಿನ ಮೆಟ್ಟಿಲಲ್ಲಿ ಸಿಕ್ಕಿ, ನಾನು ಮಾತಾಡಿದ ಭಾಷೆ ಕೇಳಿ, ಹೆಗಲ ಮೇಲಿದ್ದ ಮೇಜನ್ನೂ ಇಳಿಸದೆ "ಅಕ್ಕಾ!" ಎಂದ. ಆಮೇಲೆ ನಾನೂ ಏಕವಚನಕ್ಕೆ ಇಳಿದೆ.

ಆ ಮನೆಯನ್ನು ಅವನು ಕಟ್ಟಿಕೊಂಡ ರೀತಿ ನೋಡಬೇಕಿತ್ತು. ಮಂಚ ಬಂತು, ಹಾಸಿಗೆ ಬಂತು, ಮಗಳು ಓದುವುದಕ್ಕೆ ಮೇಜು ಬಂತು, ಫ್ರಿಜ್ ಬಂತು. ಬಂದದ್ದೆಲ್ಲ ಸುತ್ತಿದ ಪ್ಲಾಸ್ಟಿಕ್ಕಿನಲ್ಲೇ ಉಳಿಯಿತು. ಬಚ್ಚಲಿಗೆ ತಾನೇ ಟೈಲ್ಸ್ ಹಾಕಿದ. ನಾಲ್ಕು ಭಾನುವಾರ ಮೂಲೆ ಮೂಲೆಗೆ ಮಟ್ಟಗೋಲು ಇಟ್ಟು ಕಣ್ಣು ಕಿರಿದು ಮಾಡಿ ನೋಡಿದ. ಹಾಕಿ ಮುಗಿಸಿದ ಮೇಲೆ ಅಲ್ಲಿ ಸ್ನಾನ ಮಾಡಲಿಲ್ಲ! ಸ್ನಾನಕ್ಕೆ ಕೆಲಸದ ಗೋಡೌನು. ಕಕ್ಕಸಿಗೆ ಹೋದರೂ ಬಂದು ಒಣಬಟ್ಟೆ ಹಿಡಿದು ನೆಲ ಒರೆಸುತ್ತಿದ್ದ. "ಅವಳು ಬಂದು ಮೊದಲ ಚೊಂಬು ನೀರು ಹಾಕ್ಲಿ ಅಕ್ಕಾ" ಎನ್ನುತ್ತಿದ್ದ.

ಅವನ ಸಂಸಾರವೆಲ್ಲ ಅಡುಗೆಮನೆಯ ಒಂದು ಮೂಲೆಯಲ್ಲಿತ್ತು. ಒಂದು ಚಾಪೆ, ಒಂದು ಕಂಬಳಿ, ಒಂದು ತಟ್ಟೆ, ಮೂರು ನಾಲ್ಕು ಲೋಟ, ಪುಟ್ಟ ಒಲೆ, ಗೋಡೆಯ ಮೊಳೆಗೆ ಎರಡು ಲುಂಗಿ. ಕ್ಷೌರದ ಸೆಟ್ಟು, ಹಲ್ಲುಜ್ಜುವ ಬ್ರಷ್ಷು ಪಾತ್ರೆ ತೊಳೆಯುವ ನಲ್ಲಿಯ ಪಕ್ಕ.

"ಮೇಸ್ತ್ರಿ, ನಿನ್ ಮನೆಗೆ ನೀನೇ ಕಾವಲುಗಾರನೇನೋ?" ಎಂದು ಒಮ್ಮೆ ಕೇಳಿದೆ.

"ಏನ್ ಮಾಡ್ಲಿ ಅಕ್ಕಾ, ಮಗಳ ಆರ್ಡರು."

ಅದು ನಿಜವೇ. ಪ್ರತಿ ಭಾನುವಾರ ಬೆಳಿಗ್ಗೆ ಫೋನು ಹಿಡಿದು ಮನೆಯೆಲ್ಲ ಸುತ್ತುತ್ತಿದ್ದ. ಎದೆಮಟ್ಟದಲ್ಲಿ ಫೋನು, ಹಿಂದೆ ಹಿಂದೆ ಹೆಜ್ಜೆ. ಇದು ಹಾಲ್, ಇದು ನಿನ್ನ ಕೋಣೆ, ಇದು ಕಿಟಕಿ, ಕಿಟಕಿಯಿಂದ ಇಗೋ ಶಾಲೆಯ ಗೇಟು ಕಾಣುತ್ತದೆ. ಆ ಕಡೆಯಿಂದ ಹುಡುಗಿ ಕೂಗುತ್ತಿದ್ದಳು: "ಅಪ್ಪಾ, ಪ್ಲಾಸ್ಟಿಕ್ ನೀನ್ ಕೀಳ್ಬೇಡ ಮತ್ತೆ! ಎಲ್ಲಾ ನಾನೇ ಬಂದು ಟರ್ ಅಂತ ಹರೀಬೇಕು." ಹೆಂಡತಿ ಹೆಚ್ಚು ಮಾತಾಡುವವಳಲ್ಲ. "ಊಟ ಆಯ್ತಾ? ಎಲ್ಲಿ ಮಾಡಿದ್ರಿ? ಯಾರ್ ಮಾಡಿದ್ರು?" ಇಷ್ಟೇ. ಹತ್ತು ವರ್ಷ ಗಂಡನನ್ನು ಫೋನಿನಲ್ಲಿ ಇಟ್ಟುಕೊಂಡ ಹೆಂಗಸು, ಪ್ರಶ್ನೆಗಳೆಲ್ಲ ಅದೇ ಧಾಟಿಯಲ್ಲಿ ಇರುತ್ತವೆ. ತಪ್ಪು ಹೇಳಲಾರೆ. ನಮ್ಮ ಯಜಮಾನರು ಲಾರಿ ಓಡಿಸುವವರು, ವಾರದಲ್ಲಿ ಐದು ದಿನ ರಸ್ತೆಯ ಮೇಲೆ. ಅವರು ನನ್ನನ್ನು ಕೇಳುವ ಪ್ರಶ್ನೆಗಳೂ ಹೀಗೇ ಇರುತ್ತವೆ. ಮೇಸ್ತ್ರಿಗೆ ಒಂದು ಡಬ್ಬಿ ಅಡುಗೆ ಕಳಿಸಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ ಮಹಾನುಭಾವರು. ಮೂಗಿನ ತುದಿಯಲ್ಲೇ ಕೋಪ.

ಮಗಳಿಗೆ ಹದಿನೆಂಟಾಗಲು ನಾಲ್ಕು ತಿಂಗಳು ಉಳಿದಿದ್ದಾಗ ಸರ್ಕಾರದ ಪತ್ರ ಬಂತು. ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಅಧಿಕಾರಿ ಮನೆ ನೋಡಲು ಬರುತ್ತಾರೆ. ಮೇಸ್ತ್ರಿಗೆ ಇಲ್ಲಿಯ ಭಾಷೆಯಲ್ಲಿ ಟೈಲ್ಸು, ಸಿಮೆಂಟು, ನಾಳೆ, ಇಲ್ಲ, ಆಯ್ತು ಇಷ್ಟೇ ಬರುವುದು. ಪತ್ರ ನಾನೇ ಓದಿದೆ.

"ಅಕ್ಕಾ, ನೀವೇ ಜೊತೆಗಿರ್ಬೇಕು. ಅವರು ಕೇಳಿದ್ದು ನನಗೆ ಹೇಳಿ, ನಾನ್ ಹೇಳಿದ್ದು ಅವರಿಗೆ ಹೇಳಿ."

"ಮಾತು ಹಾಗಿರ್ಲಿ, ಮನೆ ನನಗೆ ಬಿಡು" ಎಂದೆ. ನನ್ನ ಬಾಯಿಂದ ಆ ಮಾತು ಯಾಕೆ ಬಂತೋ!

ನಾನು ಹೋಟೆಲಿನಲ್ಲಿ ರೂಮು ಚೊಕ್ಕ ಮಾಡುವವಳು. ಹನ್ನೊಂದು ವರ್ಷವಾಯಿತು, ದಿನಕ್ಕೆ ಹದಿನಾಲ್ಕು ರೂಮು. ನಮ್ಮ ಮೇಲ್ವಿಚಾರಕಿ ಕಲಿಸಿದ ಪಾಠ ಒಂದೇ. ಒಳಗೆ ಕಾಲಿಡುವವರಿಗೆ ತಮಗಿಂತ ಮುಂಚೆ ಅಲ್ಲಿ ಯಾರೋ ಮಲಗಿದ್ದರು ಅನ್ನಿಸಬಾರದು. ದಿಂಬಿನ ಮೇಲೆ ತಲೆಯ ಗುರುತಿರಬಾರದು, ಕನ್ನಡಿಯ ಮೇಲೆ ಹೆಬ್ಬೆಟ್ಟಿರಬಾರದು, ಬಚ್ಚಲಲ್ಲಿ ಒಂದು ಕೂದಲು ಸಿಕ್ಕಿದರೆ ಹದಿನಾಲ್ಕು ರೂಮಿನ ಕೆಲಸವೂ ಮಣ್ಣುಪಾಲು. ಮನುಷ್ಯರ ಸುಳಿವೇ ಇಲ್ಲದ ಹಾಗೆ ಅಳಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಹೋಟೆಲಿನಲ್ಲಿ ಇಲ್ಲ. ಈ ಮಾತಿನಲ್ಲಿ ನನಗೆ ಹೆಮ್ಮೆಯಿತ್ತು.

ಮಂಗಳವಾರ ಕೆಲಸ ಮುಗಿಸಿ ನೇರ ಅವನ ಮನೆಗೆ ಹೋದೆ. ಸೀರೆ ಸಿಕ್ಕಿಸಿ ನಿಂತೆ. ಮೂರು ಗಂಟೆಯಲ್ಲಿ ಆ ಮನೆಯನ್ನು ಹೋಟೆಲಿನ ಒಳ್ಳೆಯ ರೂಮಿನ ಹಾಗೆ ಮಾಡಿಬಿಟ್ಟೆ. ಒಲೆಯ ಹಿಂದಿನ ಎಣ್ಣೆಯ ಕಲೆ ತಿಕ್ಕಿ ತೆಗೆದೆ. ಗೋಡೆಯ ಮೊಳೆ ಕಿತ್ತು ತೂತಿಗೆ ಬಿಳಿ ಸಿಮೆಂಟು ಮೆತ್ತಿಸಿದೆ. ಕೊನೆಗೆ ಎರಡು ಕರೀ ಚೀಲ ತೆಗೆದು ಅಡುಗೆಮನೆಯ ಮೂಲೆಯನ್ನು ತುಂಬತೊಡಗಿದೆ. ಲುಂಗಿ, ತಟ್ಟೆ, ಲೋಟ, ಒಲೆ, ಕ್ಷೌರದ ಸೆಟ್ಟು, ಬ್ರಷ್ಷು, ಕೆಲಸದ ಅಂಗಿಗಳು.

ಚಾಪೆಗೆ ಕೈ ಹಾಕಿದಾಗ ಮೇಸ್ತ್ರಿ, "ಅದಿರ್ಲಿ ಬಿಡಿ ಅಕ್ಕಾ" ಎಂದ.

"ಸರ್ಕಾರದವರು ಬಂದು ನಿನ್ನ ಹರಕು ಚಾಪೆ ನೋಡ್ಬೇಕಾ? ಹೆಂಡ್ತಿ ಮಗಳನ್ನೂ ಇದರ ಮೇಲೇ ಮಲಗಿಸ್ತಾನೆ ಅಂದ್ಕೋತಾರೆ. ನಮ್ಮ ಜನದ ಮಾನ ತೆಗೀಬೇಡ."

"ಹಂಗಂತೀರಾ?"

"ಹನ್ನೊಂದು ವರ್ಷದಿಂದ ಮಾಡ್ತಿದೀನಪ್ಪಾ ಇದೇ ಕೆಲಸ!"

ಚಾಪೆಯನ್ನು ತಾನೇ ಸುತ್ತಿ ಕೊಟ್ಟ. ನನ್ನ ಮೇಲೆ ಅಷ್ಟು ನಂಬಿಕೆ. ಎರಡೂ ಚೀಲ ನಮ್ಮ ಮನೆಗೆ ಹೊತ್ತು ತಂದು ಮಂಚದ ಕೆಳಗೆ ನೂಕಿದೆ. ಅವತ್ತು ಅವನು ಗೋಡೌನಿನಲ್ಲಿ ಮಲಗಿದ, ಚೊಕ್ಕ ಮಾಡಿದ ನೆಲ ಕೆಡಬಾರದಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಯಜಮಾನರು ಬಂದುಬಿಟ್ಟರು. ಶುಕ್ರವಾರ ಬರಬೇಕಾದವರು! ಲಾರಿ ಕೆಟ್ಟಿತಂತೆ. ಬಂದವರೇ ಅದೇ ಮಂಚದ ಮೇಲೆ ಬಿದ್ದು ಗೊರಕೆ ಹೊಡೆಯತೊಡಗಿದರು. ಕೆಳಗೆ ಇನ್ನೊಬ್ಬ ಗಂಡಸಿನ ಲುಂಗಿ, ಬ್ರಷ್ಷು, ಚಾಪೆ. ಎಬ್ಬಿಸಿ ಹೇಳಿಬಿಡಲೇ ಎಂದುಕೊಂಡೆ. ನಿದ್ದೆಗಣ್ಣಿನಲ್ಲಿ ಅವರಿಗೆ ಕೇಳಿಸುವುದು ಅರ್ಧ, ಉಳಿದರ್ಧ ಅವರೇ ಊಹಿಸಿಕೊಳ್ಳುತ್ತಾರೆ. ಸಂಜೆ ಹೇಳಿದರಾಯಿತು ಎಂದು ಬಾಗಿಲು ಮುಚ್ಚಿ ಕೆಳಗಿಳಿದೆ.

ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಕೈಯಲ್ಲಿ ಒಂದು ಫೈಲು. ಯಾರೂ ಹೇಳದೆಯೇ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಬಂದಳು. ಒಳ್ಳೆಯವಳು ಅಂದುಕೊಂಡೆ. ಈಗಲೂ ಕೆಟ್ಟವಳು ಎನ್ನಲಾರೆ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಗೋಡೆಗೆ ಆತು ನಿಂತಿದ್ದ.

ಅವಳು ಸೋಫಾ ಮುಟ್ಟಿ ನೋಡಿದಳು, ಪ್ಲಾಸ್ಟಿಕ್ಕು ಸರಸರ ಎಂದಿತು. ಹಾಸಿಗೆಯ ಮೇಲೆ ಅಂಗೈ ಒತ್ತಿದಳು, ಅಲ್ಲೂ ಸರಸರ. ಫ್ರಿಜ್ ತೆಗೆದಳು, ಖಾಲಿ. ಬಚ್ಚಲ ನೆಲವನ್ನು ಬೆರಳಿಂದ ಮುಟ್ಟಿದಳು, ಒಂದು ಹನಿ ನೀರಿಲ್ಲ. ಅಡುಗೆಮನೆಯಲ್ಲಿ ಒಂದು ಚಮಚವೂ ಇಲ್ಲ. ಕಪಾಟು ತೆಗೆದರೆ ಹೊಸ ಹ್ಯಾಂಗರುಗಳು ಸಾಲಾಗಿ ನೇತಾಡುತ್ತಿವೆ, ಬಟ್ಟೆಯಿಲ್ಲ. ಒಂದೊಂದು ಬಾಗಿಲು ತೆಗೆದಾಗಲೂ ನಾನು ಒಳಗೊಳಗೇ ಬೀಗುತ್ತಿದ್ದೆ. ನೋಡು ಮಗಳೇ, ಎಲ್ಲಿ ಒಂದು ಧೂಳಿನ ಕಣ ಹುಡುಕು ನೋಡೋಣ!

ಆಗ ಅವಳು ಮೆಲ್ಲಗೆ ಕೇಳಿದಳು. ನಾನು ಮೇಸ್ತ್ರಿಗೆ ಹೇಳಿದೆ: "ನೀನು ಎಲ್ಲಿ ಮಲಗ್ತೀಯ ಅಂತ ಕೇಳ್ತಿದಾಳೆ."

"ಅಡುಗೆಮನೇಲಿ, ಚಾಪೆ ಮೇಲೆ" ಎಂದ ಮೇಸ್ತ್ರಿ. ಸುಳ್ಳು ಅವನ ನಾಲಿಗೆಗೆ ಹೊರಳುವುದೇ ಇಲ್ಲ. ಹೇಳಿದೆ.

"ಆ ಚಾಪೆ ಎಲ್ಲಿ?" ಎಂದಳು. "ಬಟ್ಟೆ? ಹಲ್ಲುಜ್ಜುವ ಬ್ರಷ್?"

ಆ ಕ್ಷಣಕ್ಕೆ ನನಗೆ ಅರ್ಥವಾಯಿತು. ಅವಳು ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಧೂಳನ್ನೇ. ಅದನ್ನು ನಾನು ಒಂದು ಕಣವೂ ಬಿಡದೆ ಒರೆಸಿದ್ದೆ.

ಮೇಸ್ತ್ರಿಗೆ ಪ್ರಶ್ನೆ ಹೇಳಿದೆ. ಅವನು ನಿರಾಳವಾಗಿ ನನ್ನ ಮುಖ ನೋಡಿ, "ನಿಮ್ಮನೇಲಿದೆಯಲ್ಲ ಅಕ್ಕಾ, ನಿನ್ನೆ ತೊಗೊಂಡ್ ಹೋದ್ರಲ್ಲ. ಹೇಳಿ, ಬೇಕಾದ್ರೆ ಮೇಲೆ ಹೋಗಿ ನೋಡ್ಲಿ" ಎಂದ.

ಹೇಳಬೇಕಿತ್ತು. ಒಂದು ಮಹಡಿ ಮೇಲೆ, ಹದಿನಾರು ಮೆಟ್ಟಿಲು. ಆದರೆ ಮೇಲೆ ಹೋದರೆ ಏನು ಕಾಣುತ್ತಿತ್ತು? ನನ್ನ ಮನೆ, ನನ್ನ ಮಂಚ, ಅದರ ಕೆಳಗೆ ಇವನ ಲುಂಗಿ, ಮೇಲೆ ನನ್ನ ಗಂಡ. ಸರ್ಕಾರದವಳು ಚೀಲ ಬಿಚ್ಚಿ ಒಂದೊಂದೇ ಎತ್ತಿ ಹಿಡಿಯುತ್ತಾಳೆ. ಇವರು ಕಣ್ಣುಜ್ಜಿಕೊಂಡು ಎದ್ದು ಕೂರುತ್ತಾರೆ. ಅವಳ ಫೈಲಿನಲ್ಲಿ ಏನು ಬರೆಯುತ್ತಾಳೆ? ಈ ಗಂಡಸಿನ ಸಾಮಾನೆಲ್ಲ ಮೇಲಿನ ಮನೆಯ ಹೆಂಗಸಿನ ಹತ್ತಿರ ಇದೆ ಎಂದು. ಇಷ್ಟೆಲ್ಲ ನನ್ನ ತಲೆಯಲ್ಲಿ ಓಡಿದ್ದು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿನಲ್ಲಿ.

"ಹಳೇದಾಗಿತ್ತು, ಎಲ್ಲಾ ಬಿಸಾಕಿದಾರಂತೆ" ಎಂದು ಅವಳ ಭಾಷೆಯಲ್ಲಿ ಹೇಳಿದೆ. "ಈಗ ಏನೂ ಇಲ್ಲ."

'ಇಲ್ಲ' ಎನ್ನುವ ಮಾತು ಮೇಸ್ತ್ರಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿ ನೋಡಿದ. ಅಕ್ಕ ಏನೋ ಜಾಣತನ ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು.

ಅಧಿಕಾರಿ ಬರೆದುಕೊಂಡಳು. ಬೂಟು ಹಾಕಿಕೊಳ್ಳುತ್ತಾ ಬಚ್ಚಲಿನ ಟೈಲ್ಸ್ ಬಹಳ ಚೆನ್ನಾಗಿದೆ ಎಂದಳು. ಅಷ್ಟನ್ನು ಅವನಿಗೆ ಹೇಳಿದೆ. ಮೇಸ್ತ್ರಿ ಖುಷಿಯಲ್ಲಿ ಅವಳನ್ನು ಬೀದಿಯವರೆಗೂ ಬಿಟ್ಟು ಬಂದ. ಅವತ್ತೇ ಹೆಂಡತಿಗೆ ಫೋನು ಮಾಡಿ, "ಪಾಸು, ಪಾಸು! ಟೈಲ್ಸ್ ನೋಡಿ ದಂಗಾಗೋದ್ಲು" ಎಂದು ಕೂಗಿದ. ನಾನು ಮೇಲೆ ಬಂದೆ. ನಮ್ಮ ಯಜಮಾನರು ಇನ್ನೂ ಗೊರಕೆ ಹೊಡೆಯುತ್ತಿದ್ದರು. ಚೀಲಗಳನ್ನು ಮೆಲ್ಲಗೆ ಎಳೆದು ಕೆಳಗೆ ಸಾಗಿಸಿ ಕೈ ತೊಳೆದುಕೊಂಡೆ. ಸಂಜೆ ಅವರಿಗೆ ಏನೂ ಹೇಳಲಿಲ್ಲ. ಹೇಳುವುದಕ್ಕೆ ಈಗ ಏನೂ ಇರಲಿಲ್ಲವಲ್ಲ.

ಐದು ವಾರಕ್ಕೆ ಉತ್ತರ ಬಂತು. ಮೇಸ್ತ್ರಿ ಲಕೋಟೆಯನ್ನು ಒಡೆಯದೆ ತಂದಿದ್ದ. ಹೊಸ್ತಿಲ ಮೇಲೆ ನಿಂತು, "ಜೋರಾಗಿ ಓದಿ ಅಕ್ಕಾ" ಎಂದ. ಓದಿದೆ. ನಾನೇ ಓದಬೇಕಾಗಿ ಬಂತು ನೋಡಿ. ಅರ್ಜಿದಾರರು ಈ ವಿಳಾಸದಲ್ಲಿ ವಾಸವಾಗಿಲ್ಲ. ಅವರ ಸ್ವಂತ ಸಾಮಾನು ಯಾವುದೂ ಅಲ್ಲಿಲ್ಲ, ಮನೆಯನ್ನು ತೋರಿಕೆಗಾಗಿ ಸಜ್ಜುಗೊಳಿಸಲಾಗಿದೆ. ಅರ್ಜಿದಾರರು ಬೇರೆಡೆ ವಾಸವಿರುವುದಾಗಿ ತಿಳಿಯಬೇಕಾಗುತ್ತದೆ. ಅರ್ಜಿ ತಿರಸ್ಕೃತ. ಒಂದು ಪ್ರತಿ ಊರಿನಲ್ಲಿರುವ ಪತ್ನಿಗೆ.

"ಅಂದ್ರೆ?" ಎಂದ.

"ನೀನು ಇಲ್ಲಿ ಇಲ್ಲವಂತೆ."

"ಎಲ್ಲಿ ಇಲ್ಲ?"

"ಈ ಮನೇಲಿ."

ಅವನು ಮೆಟ್ಟಿಲ ಕಡೆ ಬಗ್ಗಿ ತನ್ನ ಮನೆಯ ಬಾಗಿಲು ನೋಡಿದ. ಆಮೇಲೆ ನಗಾಡಿದ. "ಮತ್ತೆ ಇನ್ನೆಲ್ಲಿದೀನಂತೆ ಅಕ್ಕಾ?" ಎಂದ.

ನಮ್ಮಂಥವರಿಗೆ ಬಿಟ್ಟಿ ಸಲಹೆ ಕೊಡುವ ವಕೀಲರ ಕಚೇರಿಯೊಂದಿದೆ. ಅಲ್ಲಿಗೆ ಅವನು ಕೆಲಸದ ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗಿಬಂದ. ಎಲ್ಲಾ ಬಿಸಾಕಿದಾರೆ ಎಂದು ನಾನು ಹೇಳಿದ್ದು ಅಧಿಕಾರಿಯ ವರದಿಯಲ್ಲಿರುವುದು ಅವನಿಗೆ ಅಲ್ಲಿ ಗೊತ್ತಾಯಿತು. ದಾರಿ ಇತ್ತು. ಹದಿನೈದು ದಿನದೊಳಗೆ ಮೇಲ್ಮನವಿ ಹಾಕಬಹುದು. ಸಾಮಾನು ಸಾಗಿಸಿದವರು ಯಾರೋ ಅವರು ಬರೆದು ಸಹಿ ಹಾಕಬೇಕು: ಇವರು ಇದೇ ಮನೆಯಲ್ಲಿ ಇದ್ದವರು, ಸಾಮಾನನ್ನು ನಾನು ಹಿಂದಿನ ದಿನ ನನ್ನ ಮನೆಗೆ ಒಯ್ದಿದ್ದೆ, ಅಧಿಕಾರಿಗೆ ನಾನು ಬೇರೆ ಹೇಳಿದೆ. ಇಷ್ಟಾದರೆ ಮಗಳ ವಯಸ್ಸು ಮೀರುವುದರೊಳಗೆ ಮತ್ತೆ ಬಂದು ನೋಡುತ್ತಾರೆ.

ಭಾನುವಾರ ನಮ್ಮ ಯಜಮಾನರು ಅಂಗಡಿಗೆ ಹೋದದ್ದು ನೋಡಿಕೊಂಡು ಮೇಲೆ ಬಂದ. ಕಾಗದ ಮುಂದೆ ಹಿಡಿದ. "ಒಂದು ಸಹಿ ಅಕ್ಕಾ."

"ಮೇಸ್ತ್ರಿ, ಅಧಿಕಾರಿ ಹತ್ರ ಸುಳ್ಳು ಹೇಳ್ದೆ ಅಂತ ನಾನೇ ಬರ್ಕೊಡ್ಬೇಕಾ? ನಮ್ದೂ ಇಲ್ಲಿ ಉಳಿಯೋ ಕಾಯಂ ಕಾಗದ ಇನ್ನೂ ಅವರ ಮೇಜಿನ ಮೇಲೇ ಇದೆ. ಅದೂ ಹೋದ್ರೆ?"

"ಹಂಗಾಗಲ್ಲ ಅಂತ ವಕೀಲರು..."

"ಅವರ ಮನೆ ಹೋಗಲ್ವಲ್ಲ, ಹೇಳ್ತಾರೆ. ನಮ್ಮ ಯಜಮಾನರ ವಿಷಯ ನಿನಗೆ ಗೊತ್ತಿಲ್ವಾ? ನಿನ್ನ ಲುಂಗಿ ನನ್ನ ಮಂಚದ ಕೆಳಗಿತ್ತು ಅಂತ ಸರ್ಕಾರಕ್ಕೆ ಬರ್ಕೊಟ್ರೆ ನನ್ನ ಗತಿ?"

ಅವನಿಗೆ ಆ ಮಾತು ಅಲ್ಲಿಯವರೆಗೂ ಹೊಳೆದೇ ಇರಲಿಲ್ಲ. ಕಿವಿ ಕೆಂಪಾಯಿತು. ತಲೆ ತಗ್ಗಿಸಿದ.

"ಯೋಚ್ನೆ ಮಾಡ್ತೀನಿ" ಎಂದೆ. "ಆದ್ರೆ ಒಂದು ಮಾತು. ನಾನು ಸಹಿ ಹಾಕ್ಲಿ ಬಿಡ್ಲಿ, ನಿನ್ನ ಸಾಮಾನು ನಮ್ಮನೇಲಿತ್ತು ಅನ್ನೋದು ಇನ್ಯಾರ ಬಾಯಿಗೂ ಬೀಳಬಾರ್ದು. ನಿನ್ನ ಹೆಂಡ್ತಿಗೂ ಹೇಳಬಾರ್ದು. ಮಗಳ ಮೇಲೆ ಆಣೆ ಮಾಡು."

ಆಣೆ ಮಾಡಿದ. ಒಂದು ಸಲ ಆಣೆ ಮಾಡಿದ ಮೇಲೆ ಅವನ ಬಾಯಿಗೆ ಬೀಗ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿಸಿದೆ.

ಮಾರನೇ ದಿನದಿಂದ ನಾನು ಒಂದು ಬಸ್ಸು ಮುಂಚೆ ಹೊರಡತೊಡಗಿದೆ. ಸಂಜೆ ಹಿಂದಿನ ಬಾಗಿಲಿಂದ ಬರುತ್ತಿದ್ದೆ. ಅವನು ಒಂದು ದಿನವೂ ನಮ್ಮ ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ನನಗೆ ಕೋಪ ಬರುತ್ತಿತ್ತು, ಕೋಪ ಬಂದಿದ್ದರೆ ಸುಲಭವಾಗುತ್ತಿತ್ತು. ಗಡುವಿನ ಹದಿನಾಲ್ಕನೇ ದಿನ ಬೆಳಿಗ್ಗೆ ನನ್ನ ಬಸ್ ಸ್ಟಾಪಿನಲ್ಲಿ ನಿಂತಿದ್ದ. ಕೈಯಲ್ಲಿ ಅದೇ ಕಾಗದ, ಮಡಿಕೆ ಬೀಳದ ಹಾಗೆ ಎರಡು ರಟ್ಟಿನ ನಡುವೆ ಇಟ್ಟಿದ್ದ.

"ನಾಳೆ ಕಡೇ ದಿನ ಅಕ್ಕಾ."

"ನನ್ನ ಸಂಸಾರ ನಾನು ನೋಡ್ಕೋಬೇಕಲ್ಲಪ್ಪ" ಎಂದೆ.

"ಹೌದಕ್ಕಾ. ನೋಡ್ಕೋಬೇಕು."

ಕೊಂಕಿಲ್ಲ, ಕುಹಕವಿಲ್ಲ. ನಾನು ಹೇಳಿದ್ದು ಸರಿ ಎಂದು ಒಪ್ಪಿಕೊಂಡು ಹೇಳಿದ ಮಾತು. ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಲಿಲ್ಲ.

ಮಗಳಿಗೆ ಹದಿನೆಂಟು ತುಂಬಿತು. ಹೆಂಡತಿ ಒಬ್ಬಳೇ ಬರುವುದಾದರೆ ಹೊಸ ಅರ್ಜಿ ಹಾಕಬಹುದಂತೆ. ಬೆಳೆದ ಹುಡುಗಿಯನ್ನು ಒಬ್ಬಳೇ ಬಿಟ್ಟು ಅವಳು ಬರುತ್ತಾಳೆಯೇ? ಆ ವಾರ ಒಂದು ಸಂಜೆ ಕೆಳಗಿನಿಂದ ಟರ್ ಟರ್ ಎನ್ನುವ ಸದ್ದು ಕೇಳಿಸಿತು. ಮೇಸ್ತ್ರಿ ಟೈಲ್ಸ್ ಕೊಯ್ಯುವ ಬ್ಲೇಡು ಹಿಡಿದು ಸೋಫಾ, ಹಾಸಿಗೆ, ಮೇಜು, ಎಲ್ಲದರ ಪ್ಲಾಸ್ಟಿಕ್ಕನ್ನೂ ಕೊಯ್ದು ಕೊಯ್ದು ಹರಿದು ಹಾಕುತ್ತಿದ್ದ. ಕಸದ ಚೀಲ ಇಡಲು ಇಳಿದವಳು ಅವನ ಬಾಗಿಲಲ್ಲಿ ಸಿಕ್ಕಿಬಿದ್ದೆ. "ಬನ್ನಿ ಅಕ್ಕಾ, ಈಗ ಎಲ್ಲಿ ಬೇಕಾದ್ರೂ ಕೂತ್ಕೋಬಹುದು" ಎಂದ. ಕೂತೆ. ಮೆತ್ತಗಿತ್ತು. ಅವನು ಎಂದಿನಂತೆ ನೆಲದ ಮೇಲೆ ಕೂತು ಟೀ ಕುಡಿದ, ಅಭ್ಯಾಸ ಹೋಗಿರಲಿಲ್ಲ.

ನಮ್ಮ ಕಾಗದಕ್ಕೂ ತನಿಖೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ರಾಶಿ, ಸಿಂಕಿನಲ್ಲಿ ತೊಳೆಯದ ಪಾತ್ರೆ, ಕುರ್ಚಿಯ ಮೇಲೆ ಯಜಮಾನರ ಬನಿಯನ್. ಈ ಸಲ ನಾನು ಒಂದು ಲೋಟವನ್ನೂ ಎತ್ತಿಟ್ಟಿರಲಿಲ್ಲ. ಅಷ್ಟು ಪಾಠ ಕಲಿತಿದ್ದೆ. ಐದು ನಿಮಿಷದಲ್ಲಿ ನೋಡಿ ಹೋದರು. ಕಾಯಂ ಕಾಗದ ಬಂತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಈ ಊರಿನ ಬಸ್ಸು ನನ್ನ ಬಸ್ಸು, ಈ ಬೀದಿಯ ಕೆಸರು ನನ್ನ ಕೆಸರು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅವತ್ತು ಬಹಳ ಸುಖವಾಗಿತ್ತು. ಮನೆ ಸಿಕ್ಕವರಿಗೆ ಆಗುವಂಥ ಸುಖ.

ಅದಾಗಿ ಒಂದು ತಿಂಗಳಿಗೆ ನನ್ನ ಫೋನಿಗೆ ಒಂದು ಕರೆ ಬಂತು. ಹುಡುಗಿಯ ದನಿ.

"ಅತ್ತೆ, ನಾನು ಕೆಳಗಡೆ ಮನೆ ಮೇಸ್ತ್ರಿ ಮಗಳು. ನಂಬರು ಅಪ್ಪನ ಹಳೇ ಮೆಸೇಜಲ್ಲಿತ್ತು."

ನಮ್ಮ ಯಜಮಾನರು ಎದುರಿಗೇ ಕೂತು ಕಾಲಿನ ಉಗುರು ಕತ್ತರಿಸುತ್ತಿದ್ದರು. ಯಾರು ಎಂದು ಹುಬ್ಬು ಹಾರಿಸಿದರು. ಹೇಳಿದೆ. ಕತ್ತರಿ ನಿಂತಿತು.

"ಇಲ್ಲಿಗೊಂದು ಕಾಗದ ಬಂದಿತ್ತು ಅತ್ತೆ. ಅಪ್ಪ ಆ ಮನೇಲಿ ಇಲ್ಲ, ಬೇರೆ ಕಡೆ ಇದಾರೆ ಅಂತ ಸರ್ಕಾರದವರೇ ಬರೆದಿದಾರೆ. ಅವತ್ತಿಂದ ಅಮ್ಮ ಅಪ್ಪನ ಫೋನ್ ಎತ್ತಲ್ಲ. ಮೂರು ವರ್ಷದಿಂದ ನಮಗೆ ಬೊಂಬೆ ಮನೆ ತೋರಿಸಿ, ತಾನು ಇನ್ಯಾರ ಜೊತೆನೋ ಸಂಸಾರ ಮಾಡ್ತಿದಾನೆ ಅಂತಾಳೆ. ನಾನು ನಂಬಲ್ಲ. ಆದ್ರೆ ಅಪ್ಪನ್ನ ಕೇಳಿದ್ರೆ ಇಲ್ಲೇ ಇದ್ದೆ ಮಗಳೇ ಅಂತಾರೆ. ಮತ್ತೆ ಅವತ್ತು ನಿನ್ ಸಾಮಾನೆಲ್ಲ ಎಲ್ಲಿತ್ತು ಅಂದ್ರೆ ಬಾಯೇ ಬಿಡಲ್ಲ. ನೀವು ಮೇಲಿನ ಮನೇಲೇ ಇರೋರು. ನಿಮಗೆ ಗೊತ್ತಿರತ್ತೆ. ಎಲ್ಲಿತ್ತು ಅತ್ತೆ? ಅದೊಂದು ಹೇಳಿ ಸಾಕು, ಅಮ್ಮಂಗೆ ನಾನ್ ಹೇಳ್ತೀನಿ."

ನಾಲಿಗೆಯ ತುದಿಗೆ ಬಂದಿತ್ತು. ನನ್ನ ಮನೆಯಲ್ಲಿತ್ತು ಮಗಳೇ, ನಾನೇ ತಂದಿಟ್ಟಿದ್ದೆ. ಕಾಯಂ ಕಾಗದ ಕೈಗೆ ಬಂದಿತ್ತು, ಸರ್ಕಾರದ ಹೆದರಿಕೆ ಈಗ ಇರಲಿಲ್ಲ. ಇದ್ದದ್ದು ಎದುರಿಗೆ ಕೂತ ಈ ಎರಡು ಕಣ್ಣು, ಮತ್ತು ಆ ಕಡೆ ಹತ್ತು ವರ್ಷದಿಂದ ಒಬ್ಬ ಹೆಂಗಸಿನ ಹೆಸರಿಗಾಗಿ ಕಾಯುತ್ತಿರುವ ಇನ್ನೊಬ್ಬ ಹೆಂಗಸು. ನನ್ನ ಹೆಸರು ಕೊಟ್ಟರೆ ಎರಡೂ ಕಡೆ ಅದನ್ನೇ ಹಿಡಿದುಕೊಳ್ಳುತ್ತಿದ್ದರು.

"ಬೇರೆಯವರ ಮನೆ ವಿಷಯ ನನಗೇನಮ್ಮ ಗೊತ್ತಿರತ್ತೆ" ಎಂದೆ. "ನಾನು ಬೆಳಿಗ್ಗೆ ಕೆಲಸಕ್ಕೆ ಹೋದ್ರೆ ಸಂಜೆ ಬರೋದು. ಅವರು ಎಲ್ಲಿ ಹೋಗ್ತಾರೆ, ಎಲ್ಲಿ ಇರ್ತಾರೆ, ನಾನು ನೋಡಕ್ಕೆ ಹೋಗಲ್ಲ."

ಹುಡುಗಿ "ಓ" ಎಂದಳು. ಆಮೇಲೆ "ಆಯ್ತು ಅತ್ತೆ" ಎಂದು ಫೋನಿಟ್ಟಳು. ಯಜಮಾನರು ಮತ್ತೆ ಉಗುರು ಕತ್ತರಿಸತೊಡಗಿದರು. "ನೋಡ್ದ್ಯಾ, ನಾನ್ ಅವತ್ತೇ ಹೇಳಿರ್ಲಿಲ್ವಾ ಅವನ ಬಗ್ಗೆ?" ಎಂದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಮೆಟ್ಟಿಲಲ್ಲಿ ಮೇಸ್ತ್ರಿ ಸಿಕ್ಕಿದ. ಕೆಲಸದ ಚೀಲ ಹೆಗಲಲ್ಲಿತ್ತು. ಗಡ್ಡ ಬೆಳೆದಿತ್ತು.

"ಅಕ್ಕಾ, ಮಗಳೂ ಈಗ ಫೋನ್ ತೆಗೀತಿಲ್ಲ. ಕಡೇ ಸಲ ಮಾತಾಡಿದಾಗ ನಿಮ್ಮನ್ನ ಕೇಳ್ತೀನಿ ಅಂತಿದ್ಲು. ಮಾಡಿದ್ಲಾ?"

"ಮಾಡಿದ್ಲು" ಎಂದೆ.

"ಏನ್ ಹೇಳಿದ್ರಿ?"

"ಇನ್ನೇನ್ ಹೇಳ್ಲಿ? ನಿಮ್ಮಪ್ಪ ಇಲ್ಲೇ ಇದ್ದೋರು, ಅಂಥ ಮನುಷ್ಯ ಸಿಗಲ್ಲ ಅಂದೆ."

ಅವನ ಮುಖ ಅರಳಿತು. ಹೆಗಲ ಚೀಲವನ್ನು ಮೆಟ್ಟಿಲ ಮೇಲಿಟ್ಟು, ಸಿಮೆಂಟು ಮೆತ್ತಿದ ಎರಡೂ ಕೈ ಜೋಡಿಸಿ, "ನೀವು ಹೇಳಿದೀರ ಅಂದ್ಮೇಲೆ ನಂಬ್ತಾಳೆ ಬಿಡಿ ಅಕ್ಕಾ" ಎಂದ. ಆಮೇಲೆ ಚೀಲ ಎತ್ತಿಕೊಂಡು, ಮಗಳ ಕರೆ ಬಂದರೆ ತೆಗೆಯಲು ಸುಲಭವಾಗಲಿ ಎಂದು ಫೋನನ್ನು ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡು, ಕೆಲಸಕ್ಕೆ ಹೋದ.